ನೀಲಿ ಮಾತ್ರೆಯಿಂದ ರಕ್ತ ಕೆಡುತ್ತದೆಯೇ? ಸತ್ಯಾಂಶ

‘ಶಾಲೆಯ ನೀಲಿ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ರಕ್ತ ಕೆಡುತ್ತದೆ, ಮೇಷ್ಟ್ರೇನು ಡಾಕ್ಟರೇ?’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ.

ಇದು ರಕ್ತಹೀನತೆ ತಡೆಯಲು ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ. ಮಲ ಕಪ್ಪಾಗುವುದು ನಿಜ. ಕರುಳು ಹೀರಿಕೊಳ್ಳದೆ ಬಿಟ್ಟ ಕಬ್ಬಿಣಾಂಶದ ಬಣ್ಣ ಅದು, ರಕ್ತ ಕೆಟ್ಟ ಲಕ್ಷಣವಲ್ಲ. 6ರಿಂದ 12ನೇ ತರಗತಿಯವರಿಗೆ ವಾರಕ್ಕೊಂದೇ ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ.

ಮೇಷ್ಟ್ರು ಡಾಕ್ಟರಲ್ಲ, ಸರಿಯೇ. ರೋಗ ಪತ್ತೆ ಅವರ ಕೆಲಸವೂ ಅಲ್ಲ. ಆದರೆ 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರಿಗೆ ಆರೋಗ್ಯದ ವಿಷಯದಲ್ಲಿ ತರಬೇತಿ ಕೊಡುತ್ತಾರೆ.

ಎಡವಟ್ಟಾಗುವುದು ಹೆಚ್ಚಾಗಿ ಖಾಲಿ ಹೊಟ್ಟೆಯಲ್ಲಿ ಕೊಟ್ಟಾಗ. ಒಂದು ಮಗು ವಾಂತಿ ಮಾಡಿದರೆ ನೋಡಿದವರಿಗೂ ಹೊಟ್ಟೆ ತೊಳೆಸುತ್ತದೆ. ಆದ್ದರಿಂದ ಬಿಸಿಯೂಟದ ನಂತರ, ಕಣ್ಣೆದುರೇ, ನೀರಿನೊಂದಿಗೆ ನುಂಗಿಸಬೇಕು. ಕ್ಷೀರಭಾಗ್ಯದ ಹಾಲಿನ ಜೊತೆ ಬೇಡ. ಹಾಲಿನ ಕ್ಯಾಲ್ಸಿಯಂ ದೇಹ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ. ಚಹಾವೂ ಅಷ್ಟೇ. ಜ್ವರವಿದ್ದರೆ ಆ ದಿನ ಬಿಡಿ; ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವರಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು. ವಾಂತಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ಕರೆದೊಯ್ಯಿರಿ.

ನಿಜವಾದ ಅಪಾಯ ಮಾತ್ರೆಯ ಸ್ಟ್ರಿಪ್‌ಗಳನ್ನು ಮನೆಗೆ ಕಳಿಸುವುದರಲ್ಲಿದೆ. ಪುಟ್ಟ ತಮ್ಮನೋ ತಂಗಿಯೋ ಮಿಠಾಯಿ ಎಂದುಕೊಂಡು ಹಲವನ್ನು ನುಂಗಿದರೆ ಜೀವಕ್ಕೇ ಕುತ್ತು.