ತಲೆ ಕತ್ತರಿಸಿದ ಫೋಟೋಗಳ ಪರವಾಗಿ

ಅಣ್ಣನ ಮಗಳು ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಒಂದು ಜಾಹೀರಾತು ಕಳುಹಿಸಿ, "ಅತ್ತೆ, ಈ ಬೆಲೆಗೆ ತೆಗೆದುಕೊಳ್ಳಬಹುದೇ?" ಎಂದು ಕೇಳಿದಳು. ಒಲಿಂಪಸ್ ಮ್ಯೂ-2. 1997ರಲ್ಲಿ ಬಂದ, ಸೋಪಿನ ಡಬ್ಬಿಯಂತೆ ನುಣ್ಣಗಿರುವ ಫಿಲ್ಮ್ ಕ್ಯಾಮೆರಾ. ಬೆಲೆ ಇಪ್ಪತ್ತೆಂಟು ಸಾವಿರ. ಗ್ಯಾರಂಟಿ ಇಲ್ಲ, ವಾಪಸು ತೆಗೆದುಕೊಳ್ಳುವುದೂ ಇಲ್ಲ. "ಆ ದುಡ್ಡಿಗೆ ಒಂದು ಹಸು ಬರುತ್ತದೆ" ಎಂದು ನಿದ್ದೆಗಣ್ಣಿನಲ್ಲೇ ಉತ್ತರಿಸಿದೆ. ಬೆಳಿಗ್ಗೆ ಎದ್ದಾಗ ಅಷ್ಟು ಹೇಳಿದರೆ ಸಾಲದು ಅನ್ನಿಸಿತು.

ಕ್ಯಾಮೆರಾ ಕೆಟ್ಟದ್ದಲ್ಲ. 35 ಮಿ.ಮೀ., ಎಫ್ 2.8ರ, ಅಂದರೆ ಸಾಕಷ್ಟು ಬೆಳಕು ಒಳಬಿಡುವ, ಅದರ ಲೆನ್ಸನ್ನು ಹೊಗಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಮುಚ್ಚಳ ಸರಿಸಿದ ಪ್ರತಿ ಸಲವೂ ಫ್ಲ್ಯಾಶ್ ತಾನಾಗಿಯೇ ಆಟೋಗೆ ಮರಳುತ್ತದೆ. ಬೇಡವೆಂದರೆ ಮತ್ತೆ ಗುಂಡಿ ಒತ್ತುತ್ತಾ ಹೋಗಬೇಕು. ಒಳಗಿನ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಬಿಡಿಭಾಗ ಸಿಗುವುದಿಲ್ಲ. ಆಮೇಲೆ ಅದು ಕಾಗದ ಹಾರದಂತೆ ಇಡುವ ಕಲ್ಲು. ಮೇಲಾಗಿ, ಈಗ ರೀಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಕಳೆದ ಸಲ ನನಗೆ ಒಂದು ಫೋಟೋಗೆ ನಲವತ್ತು ರೂಪಾಯಿ ಬಿದ್ದಿತ್ತು.

ನನ್ನ ತಕರಾರು ದುಡ್ಡಿನದ್ದಷ್ಟೇ ಅಲ್ಲ. ಇಂಥ ಕಿಸೆ ಕ್ಯಾಮೆರಾಗಳು ಫೋಟೋಗ್ರಫಿ ಕಲಿಯುವ ಮನಸ್ಸಿಲ್ಲದವರಿಗಾಗಿ ಹುಟ್ಟಿದವು. "ಗುಂಡಿ ಒತ್ತುವುದು ನಿಮ್ಮ ಕೆಲಸ, ಉಳಿದದ್ದು ನಮ್ಮದು" ಎಂದು ಕೊಡಾಕ್ 1888ರಲ್ಲೇ ಜಾಹೀರಾತು ಕೊಟ್ಟಿತ್ತು. ಅಂಥ ಡಬ್ಬಿ ಈಗ ರಸಿಕರ ಒಡವೆಯಾಗಿರುವುದನ್ನು ನೋಡಿದರೆ ನಗು ಬರುತ್ತದೆ. (1990ರ ಕಾಂಟ್ಯಾಕ್ಸ್ ಟಿ2ನ ಮಾತು ಬೇರೆ. ಟೈಟಾನಿಯಂ ಮೈಯ ಅದು ಹುಟ್ಟಿದಾಗಲೇ ಶ್ರೀಮಂತರದ್ದು.)

ನಮ್ಮ ಮನೆಯಲ್ಲಿದ್ದದ್ದು ಕೊಡಾಕ್ ಕೆಬಿ10. ಫೋಕಸ್ ಮಾಡುವ ಗೊಡವೆಯೇ ಇಲ್ಲ. ಲೆನ್ಸಿನ ಕಿಂಡಿ ಕಿರಿದಾದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಹಿಗ್ಗುತ್ತದೆ ಎಂಬ ಒಂದೇ ಸಂಗತಿಯನ್ನು ನಂಬಿ ನಿಂತ ಯಂತ್ರ ಅದು. ಅಂಗಳದ ತುಳಸಿಕಟ್ಟೆಯೂ ಎದುರಿನ ಗುಡ್ಡವೂ ಒಟ್ಟಿಗೆ ತಕ್ಕಮಟ್ಟಿಗೆ ಬರುತ್ತಿದ್ದವು. ಆದರೆ ಕಿಂಡಿ ಕಿರಿದಾದ್ದರಿಂದ ಬಿಸಿಲು ಬೇಕೇ ಬೇಕು, ಇಲ್ಲವಾದರೆ ಫ್ಲ್ಯಾಶ್. ಫ್ಲ್ಯಾಶಿನ ಬೆಳಕೋ, ದೂರ ಎರಡು ಪಟ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ಯಕ್ಷಗಾನದ ಟೆಂಟಿನಲ್ಲಿ ಹತ್ತನೆಯ ಸಾಲಿನಲ್ಲಿ ಕುಳಿತು ತೆಗೆದ ನಮ್ಮ ಫೋಟೋಗಳಲ್ಲಿ ಮುಂದಿನ ಸಾಲಿನವರ ಬೋಳುತಲೆಗಳು ಹುಣ್ಣಿಮೆಯ ಚಂದ್ರನಂತೆ ಹೊಳೆಯುತ್ತವೆ. ಅವುಗಳಾಚೆ ಬರೀ ಅಮಾವಾಸ್ಯೆ. ಕೌರವ ಎಲ್ಲೋ ಅದರೊಳಗೆ ಅಬ್ಬರಿಸುತ್ತಿರಬೇಕು.

ಆ ಕ್ಯಾಮೆರಾವನ್ನು ಹೆಚ್ಚು ಬಳಸಿದವಳು ಅಮ್ಮ. ಅವಳು ಹತ್ತಿರದಿಂದ ತೆಗೆದವುಗಳಲ್ಲೆಲ್ಲ ನಮ್ಮ ತಲೆ ಅರ್ಧ ಹಾರಿಹೋಗಿರುತ್ತಿತ್ತು. "ಕತ್ತು ಕೊಯ್ಯುವ ಕ್ಯಾಮೆರಾ ಬಂತು" ಎಂದು ಮನೆಯವರೆಲ್ಲ ವರ್ಷಗಟ್ಟಲೆ ಅವಳನ್ನು ಆಡಿಕೊಂಡೆವು, ನಾನೂ ಸೇರಿ. ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಕಣ್ಣಿಡುವ ಕಿಟಕಿ ಲೆನ್ಸಿಗಿಂತ ಮೇಲಿರುತ್ತದೆ. ದೂರದ ಗುಡ್ಡಕ್ಕೆ ಆ ಒಂದೆರಡು ಅಂಗುಲ ಲೆಕ್ಕಕ್ಕಿಲ್ಲ. ಮೂರಡಿ ದೂರದ ಮುಖಕ್ಕೆ ಹಣೆಯೇ ಹೋಗುತ್ತದೆ. ಅಮ್ಮ ಸರಿಯಾಗಿಯೇ ನೋಡಿದ್ದಳು, ತಪ್ಪಾಗಿ ನೋಡಿದ್ದು ಲೆನ್ಸು.

ಚಿಕ್ಕಪ್ಪನ ಬಳಿ ಎಸ್‌ಎಲ್‌ಆರ್, ಅಂದರೆ ಲೆನ್ಸಿನ ಮೂಲಕವೇ ನೋಡಿ ತೆಗೆಯುವ ದೊಡ್ಡ ಕ್ಯಾಮೆರಾ ಇತ್ತು. ಅದರಲ್ಲಿ ಜೋಗ ಇದೆ, ಸೂರ್ಯಾಸ್ತ ಇದೆ, ನಮ್ಮನ್ನು ಸಾಲಾಗಿ ನಿಲ್ಲಿಸಿ ತೆಗೆದ ಹಬ್ಬಗಳಿವೆ. ಅಜ್ಜಿ ಚಾಪೆಯ ಮೇಲೆ ಹಪ್ಪಳ ಹರವುತ್ತಾ ಕಾಗೆಗೆ ಬೈಯುತ್ತಿರುವ ಒಂದೇ ಒಂದು ಫೋಟೋ ಇರುವುದು ಅಮ್ಮನ ರೀಲಿನಲ್ಲಿ. ಕಾಗೆ ಬಂದಿಲ್ಲ, ಬೈಗುಳ ಬಂದಿದೆ.

ಹಾಗಾದರೆ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಮೊಬೈಲ್ ಒಂದು ಒತ್ತಿಗೆ ಹಲವು ಫ್ರೇಮುಗಳನ್ನು ಹಿಡಿದು, ಬೆಸೆದು, ನೆರಳನ್ನು ಎತ್ತಿ, ಚರ್ಮವನ್ನು ಸವರಿ ಕೊಡುತ್ತದೆ. ಕಿಸೆ ಕ್ಯಾಮೆರಾ ಹೆಚ್ಚಾಗಿ ಒಂದೇ ಫ್ರೇಮು ಹಿಡಿದು ಕೈತೊಳೆದುಕೊಳ್ಳುತ್ತದೆ. ಅದರ ಫ್ಲ್ಯಾಶ್ ಜೆನಾನ್ ದೀಪ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮಿಂಚಿ ಆರುತ್ತದೆ. ಮಂಚದಿಂದ ಹಾರಿದ ಮಗು ಗಾಳಿಯಲ್ಲೇ ನಿಲ್ಲುತ್ತದೆ. ಮೊಬೈಲಿನ ಎಲ್‌ಇಡಿ ಬೆಳಕಿನಲ್ಲಿ ಅದೇ ಮಗು ಕಲಸಿದ ಹಿಟ್ಟು. ಹಳೆಯ ಡಿಜಿಟಲ್ ಕ್ಯಾಮೆರಾಗಳ ಸಿಸಿಡಿ ಸೆನ್ಸರಿನಲ್ಲಿ (ಬೆಳಕನ್ನು ಹಿಡಿಯುವ ಚಿಪ್ಪಿನ ಒಂದು ಹಳೆಯ ಬಗೆ) ಏನೋ ಮಾಯೆಯಿದೆ ಎಂದು ಈಗ ಹುಡುಗರು ಹೇಳುತ್ತಾರಲ್ಲ, ಅದರಲ್ಲಿ ಬಹುಪಾಲು ಈ ಫ್ಲ್ಯಾಶಿನದ್ದು ಮತ್ತು ಕಡಿಮೆ ಸವರುವಿಕೆಯದ್ದು ಎಂಬುದು ನನ್ನ ಅನುಮಾನ. ಬಣ್ಣಕ್ಕೆ ಸೆನ್ಸರಿನ ಜಾತಿಗಿಂತ ಕಂಪನಿಯವರು ಒಳಗೆ ಬರೆದಿಟ್ಟ ಲೆಕ್ಕವೇ ಹೆಚ್ಚು ಕಾರಣ.

ಅದಕ್ಕೇ ಅಣ್ಣನ ಮಗಳಿಗೆ ಹೇಳಿದೆ: ಕೊಳ್ಳಬೇಡ, ಹುಡುಕು. 2010ರ ಒಂದೇ ವರ್ಷದಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ, ಅವುಗಳಲ್ಲಿ ಬಹುತೇಕ ಕಿಸೆಯವೇ. ಎಲ್ಲಿ ಹೋಗಿರುತ್ತವೆ? ಯಾರದೋ ಬೀರುವಿನಲ್ಲಿ, ಮದುವೆ ಸೀರೆಗಳ ಕೆಳಗೆ. ಪೆನ್ಸಿಲ್ ಸೆಲ್ ಹಾಕುವಂಥದ್ದು ಸಿಕ್ಕರೆ ಅದೃಷ್ಟ, ಬ್ಯಾಟರಿಗೆ ಅಲೆಯಬೇಕಿಲ್ಲ. ಸೆಲ್ ಸೋರಿ ಹಸಿರುಗಟ್ಟಿದೆಯೇ ನೋಡಬೇಕು. ಈಗಿನ 64 ಜಿಬಿ ಮೆಮೊರಿ ಕಾರ್ಡು ಹಾಕಿದರೆ ಅದು ಕಣ್ಣು ಬಿಡದೆಯೂ ಇರಬಹುದು. 2 ಜಿಬಿಯದ್ದು ಸಾಕು.

ನಮ್ಮ ಬೀರುವಿನಲ್ಲೇ ಸಿಕ್ಕಿತು, 2007ರ ಕ್ಯಾನನ್ ಪವರ್‌ಶಾಟ್ ಎ570. ಭಾನುವಾರ ಅವಳು ಅದನ್ನು ಊರಿಗೆ ಒಯ್ದು ಅಮ್ಮನ ಕೈಗಿತ್ತಳು. ಹಿಂದಿನ ಪರದೆಯನ್ನು ಅಮ್ಮ ನೋಡಲೇ ಇಲ್ಲ. ಕನ್ನಡಕ ಹಣೆಗೇರಿಸಿ ಕಿಟಕಿಗೇ ಕಣ್ಣಿಟ್ಟಳು, ಒತ್ತಿದಳು. ಈ ಕ್ಯಾಮೆರಾದ ಕಿಟಕಿ ತೋರಿಸುವುದು ಚಿತ್ರದ ಐದರಲ್ಲಿ ನಾಲ್ಕು ಪಾಲಿನಷ್ಟನ್ನೇ, ಹಾಗಾಗಿ ಅವಳು ಕಾಣದ್ದೂ ಒಳಗೆ ಬಂದು ಕುಳಿತಿತ್ತು: ನನ್ನ ಚಪ್ಪಲಿ, ಬೆಕ್ಕಿನ ಬಾಲ, ಒಣಹಾಕಿದ ಟವೆಲ್ಲು.

"ತಲೆ ಬಂದಿದೆಯೇನೇ?" ಎಂದು ಕೇಳಿದಳು.

"ಬಂದಿದೆ ಅಮ್ಮ."

"ಯಾವುದಕ್ಕೂ ಇನ್ನೊಂದು ತೆಗೆಯುತ್ತೇನೆ, ಇರು" ಎಂದು ಎರಡು ಹೆಜ್ಜೆ ಹಿಂದೆ ಸರಿದಳು.