23 ಹಂತಗಳಲ್ಲಿ ಲೈಟ್ ಆರಿಸುವುದು

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಬಾತ್‌ರೂಮಿನ ಲೈಟ್ ಉರಿಯುತ್ತಿತ್ತು. ಕೆಳಗೆ ಬಂದರೆ ಹಾಲಿನದು ಉರಿಯುತ್ತಿತ್ತು. ಗ್ಯಾರೇಜಿನ ಬಾಗಿಲು ತೆಗೆದರೆ ಅಲ್ಲೂ ರಾತ್ರಿಯಿಡೀ ಉರಿದ ಎರಡು ಟ್ಯೂಬ್‌ಲೈಟ್. ಇಷ್ಟೂ ನನ್ನ ಹದಿಮೂರು ವರ್ಷದ ಮಗರಾಯನ ಕೃಪೆ. ಎಲ್ಲರ ಮನೆಯಲ್ಲೂ ಇದ್ದದ್ದೇ, ಇದರಲ್ಲೇನು ವಿಶೇಷ ಅಂತೀರಾ? ಇದೆ. ಈ ಹುಡುಗ ಮೂರು ತಿಂಗಳು ಅದೇ ಗ್ಯಾರೇಜಿನಲ್ಲಿ ಕೂತು ಕಟ್ಟಿದ್ದು ಏನು ಗೊತ್ತಾ? ಲೈಟ್ ಆರಿಸುವ ಯಂತ್ರ!

ನಾವಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಈ ಹುಚ್ಚಿನ ತವರುಮನೆ ಇಲ್ಲಿಂದ ಒಂದು ಗಂಟೆ ದಾರಿ, ಪರ್ಡ್ಯೂ ವಿಶ್ವವಿದ್ಯಾಲಯ. 1949ರಲ್ಲಿ ಅಲ್ಲಿನ ಎಂಜಿನಿಯರಿಂಗ್ ಹುಡುಗರ ಎರಡು ಗುಂಪುಗಳು ಜಿದ್ದಿಗೆ ಬಿದ್ದು ಶುರು ಮಾಡಿದ ಸ್ಪರ್ಧೆ ಇದು. 1955ಕ್ಕೆ ನಿಂತುಹೋಗಿತ್ತಂತೆ. ಹಾಗೇ ಬಿಟ್ಟಿದ್ದರೆ ಆಗ್ತಿತ್ತು. 1983ರಲ್ಲಿ ಯಾರೋ ಮತ್ತೆ ಎಬ್ಬಿಸಿದರು. ಈಗ ಬೇರೆ ಬೇರೆ ದೇಶದ ಶಾಲೆ ಮಕ್ಕಳೂ ಸೇರುತ್ತಾರೆ. ಹೆಸರು ರೂಬ್ ಗೋಲ್ಡ್‌ಬರ್ಗ್ ಯಂತ್ರ ಸ್ಪರ್ಧೆ. ಒಂದು ಸಣ್ಣ ಕೆಲಸವನ್ನು ಎಷ್ಟು ಸುತ್ತಿ ಬಳಸಿ ಮಾಡಲು ಸಾಧ್ಯವೋ ಅಷ್ಟು ಸುತ್ತಿ ಬಳಸಿ ಮಾಡಬೇಕು. 2016ರಲ್ಲಿ ಕೊಡೆ ಬಿಚ್ಚುವುದು, 2018ರಲ್ಲಿ ಬಟ್ಟಲಿಗೆ ಕಾರ್ನ್‌ಫ್ಲೇಕ್ಸ್ ಥರದ ಸೀರಿಯಲ್ ಸುರಿಯುವುದು, 2020ರಲ್ಲಿ ಲೈಟ್ ಆರಿಸುವುದು. 2012ರಲ್ಲಂತೂ ಪರ್ಡ್ಯೂ ಹುಡುಗರು ಒಂದು ಬಲೂನು ಊದಿ ಒಡೆಯಲು 300 ಹಂತ ಮಾಡಿದ್ದರು. ನಮ್ಮ ಮನೆಯಲ್ಲಿ ಒಂದು ಹುಟ್ಟುಹಬ್ಬಕ್ಕೆ ಪುಟ್ಟ ಮಕ್ಕಳು ಆ ಕೆಲಸವನ್ನು ಕೂತಲ್ಲೇ ಮುಗಿಸುತ್ತಾರೆ.

ಈ ರೂಬ್ ಗೋಲ್ಡ್‌ಬರ್ಗ್ ಒಬ್ಬ ವ್ಯಂಗ್ಯಚಿತ್ರಕಾರ. ಓದಿದ್ದು ಎಂಜಿನಿಯರಿಂಗ್. ಸ್ಯಾನ್ ಫ್ರಾನ್ಸಿಸ್ಕೊದ ನೀರು, ಚರಂಡಿ ಇಲಾಖೆಯಲ್ಲಿ ಕೆಲಸ. ಅದನ್ನು ಬಿಟ್ಟು ಪತ್ರಿಕೆಗೆ ಚಿತ್ರ ಬರೆಯಲು ಹೋದ. ಅವನ 1931ರ ಚಿತ್ರವೊಂದರಲ್ಲಿ ಒಬ್ಬ ಸೂಪ್ ಕುಡಿಯಲು ಚಮಚ ಎತ್ತುತ್ತಾನೆ. ದಾರ ಎಳೆಯುತ್ತೆ, ಬಿಸ್ಕತ್ತು ಹಾರುತ್ತೆ, ಅದನ್ನು ಹಿಡಿಯಲು ಗಿಳಿ ನೆಗೆಯುತ್ತೆ, ಕಾಳು ಚೆಲ್ಲುತ್ತೆ, ರಾಕೆಟ್ ಹತ್ತುತ್ತೆ, ಕುಡುಗೋಲು ದಾರ ಕತ್ತರಿಸುತ್ತೆ, ಕೊನೆಗೆ ಒಂದು ಕರವಸ್ತ್ರ ತೂಗಾಡಿ ಅವನ ಗಲ್ಲ ಒರೆಸುತ್ತೆ. ಆ ಪುಣ್ಯಾತ್ಮ ಚರಂಡಿ ಕೆಲಸದಲ್ಲೇ ಉಳಿದಿದ್ದರೆ ನನ್ನ ಕಾಫಿ ಫಿಲ್ಟರ್ ಉಳಿಯುತ್ತಿತ್ತು.

ಹೌದು, ಫಿಲ್ಟರ್. ಮಗನ ಶಾಲೆಯ ಕ್ಲಬ್ಬಿನಲ್ಲಿ ತಂಡ ಆರಿಸಲು ಆ 2020ರ ಸವಾಲನ್ನೇ ಕೊಟ್ಟು, ಯಂತ್ರದ ವಿಡಿಯೊ ಕಳಿಸಿ ಎಂದರು. ಅವತ್ತಿನಿಂದ ನನ್ನ ಅಡುಗೆಮನೆ ಕರಗತೊಡಗಿತು. ಲಟ್ಟಣಿಗೆ 6ನೇ ಹಂತಕ್ಕೆ ಹೋಯಿತು. ಒಗ್ಗರಣೆ ಸೌಟು 9ಕ್ಕೆ. ಫಿಲ್ಟರಿನೊಳಗೆ ಪುಡಿಯ ಮೇಲೆ ಇಡುತ್ತೇವಲ್ಲ, ಕೊಡೆಯಂಥ ಬಿಲ್ಲೆ, ಅದು ದಾರ ಕಟ್ಟಿಸಿಕೊಂಡು 14ನೇ ಹಂತದಲ್ಲಿ ನೇತಾಡುತ್ತಿತ್ತು. ಚಕ್ಕುಲಿ ಒರಳು ಎಲ್ಲಿ ಎಂದು ಹುಡುಕಿದರೆ 22ನೇ ಹಂತದ ಭಾರ. "ಅಮ್ಮಾ, ಪ್ಲೀಸ್, ಮನೆಯಲ್ಲಿ ಅದರಷ್ಟು ತೂಕದ್ದು ಬೇರೆ ಏನೂ ಇಲ್ಲ." ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದವಳಿಗೆ ಅದು ಗೊತ್ತಿಲ್ವಾ?

ಆದರೆ ನಿಜ ಹೇಳಬೇಕು ಅಂದ್ರೆ ನಮ್ಮ ಮನೆಯಲ್ಲಿ ಲೈಟ್ ಆರಿಸಲು ಇಂಥ ಯಂತ್ರ ಮೊದಲೇ ಇದೆ. ನಾನು ಕೂಗುತ್ತೇನೆ. ಅವನು "ಒಂದ್ ನಿಮಿಷ" ಅನ್ನುತ್ತಾನೆ. ನಾನು ಅವನಪ್ಪನಿಗೆ ಹೇಳುತ್ತೇನೆ. ಅವರು ಫೋನಿನಿಂದ ತಲೆ ಎತ್ತದೆ "ಏಯ್" ಅನ್ನುತ್ತಾರೆ. ಏನೂ ಆಗುವುದಿಲ್ಲ. ನಾನು ಮೂರನೇ ಸಲ, ಪೂರ್ತಿ ಹೆಸರು ಹಿಡಿದು ಕೂಗುತ್ತೇನೆ. ಮೇಲೆ ಕುರ್ಚಿ ಸರಿದ ಸದ್ದು. ಕೊನೆಗೆ ನಾನೇ ಮೆಟ್ಟಿಲು ಹತ್ತಿ ಹೋಗಿ ಆರಿಸುತ್ತೇನೆ.

ಇದರ ಮಧ್ಯೆ ಅಪ್ಪ ಬಂದರು.

ಅಪ್ಪ ಶಿವಮೊಗ್ಗದ ಕಡೆ ಒಂದು ಸಹಕಾರ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿದ್ದವರು. ಸೊಸೈಟಿ ಬಿಟ್ಟು ಎಷ್ಟೋ ವರ್ಷವಾಯಿತು, ಲೆಕ್ಕ ಬಿಟ್ಟಿಲ್ಲ. ನಾವು ಚಿಕ್ಕವರಿದ್ದಾಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಹಿಂದೆಯೇ 'ಟಕ್' ಅಂತ ಸದ್ದು ಕೇಳುತ್ತಿತ್ತು. "ಕೆಇಬಿ ಏನು ನಿಮ್ಮ ಮಾವನ ಮನೆಯದಾ?" ಕೆಇಬಿ ಹೋಗಿ ಮೆಸ್ಕಾಂ ಬಂದು ಕಾಲವಾಯಿತು. ಅಪ್ಪನ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ, ಮಾವನೂ ಅವನೇ. ಇಲ್ಲಿಗೆ ಬಂದ ಮೊದಲ ದಿನವೇ, ಜೆಟ್‌ಲ್ಯಾಗಿನಲ್ಲಿ ತೂಕಡಿಸುತ್ತಾ ತೂಕಡಿಸುತ್ತಾ, ಮನೆಯ ಅಷ್ಟೂ ಸ್ವಿಚ್ ಎಲ್ಲೆಲ್ಲಿವೆ ನೋಡಿಕೊಂಡರು. ಆಮೇಲೆ ಶುರುವಾಯಿತು ಟಕ್, ಟಕ್, ಟಕ್. ನಾನು ಕತ್ತಲಲ್ಲಿ ಒಗ್ಗರಣೆ ಹಾಕಿದ್ದುಂಟು. ನನ್ನ ಗಂಡ ಸ್ನಾನದ ಮಧ್ಯೆ ಸೋಪು ಹಚ್ಚಿಕೊಂಡು ಕೂಗಿದ್ದುಂಟು. "ಒಳಗೆ ಯಾರಾದರೂ ಇದ್ದೀರಾ ಅಂತ ಕೇಳಿದೆನಲ್ಲ" ಅಂತ ಅಪ್ಪನ ವಾದ. ಕೇಳಿದ್ದು ಆರಿಸಿದ ಮೇಲೆ.

ಯಂತ್ರದ ದಿನ ಶನಿವಾರ ಮಧ್ಯಾಹ್ನ. ಅದಕ್ಕೂ ಮೊದಲು ಎರಡು ಶನಿವಾರ ಹಾಳಾಗಿತ್ತು. ಒಮ್ಮೆ ಗೋಲಿ ಸಿಕ್ಕಿಹಾಕಿಕೊಂಡಿತು, ಇನ್ನೊಮ್ಮೆ ಬಲೂನು ಮೊದಲೇ ಒಡೆಯಿತು. ಶುರುವಾದ ಮೇಲೆ ಯಾರೂ ಕೈ ಹಾಕುವ ಹಾಗಿಲ್ಲ, ಹಾಕಿದರೆ ಅಂಕ ಕಡಿಮೆ. ಮೂರು ಹುಡುಗರು, ಮೂರು ಫೋನು. ನಾನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಸಿಟ್ಟೆಲ್ಲ ಮರೆತು ನನಗೂ ಎದೆ ಡವಡವ.

ಡೊಮಿನೊ ಬಿದ್ದವು. ಗೋಲಿ ಓಡಿತು. ಲಟ್ಟಣಿಗೆ ಉರುಳಿತು, ಸೌಟು ಮಗುಚಿತು, ಬಲೂನು ಸರಿಯಾದ ಹೊತ್ತಿಗೆ ಒಡೆಯಿತು. ಫಿಲ್ಟರಿನ ಬಿಲ್ಲೆ ನನ್ನ ಬೆಳಗಿನ ಕಾಫಿಯನ್ನು ಅಣಕಿಸುತ್ತಾ ತೂಗಿ ಕೋಲೊಂದನ್ನು ಬೀಳಿಸಿತು. 21ನೇ ಹಂತ: ಪ್ಲಾಸ್ಟಿಕ್ ಡಬ್ಬಿಯ ತೂತಿನಿಂದ ಅಕ್ಕಿ ಸಣ್ಣಗೆ ಸುರಿದು ಕೆಳಗಿನ ಬಕೆಟ್ ತುಂಬಬೇಕು. ಬಕೆಟ್ ಭಾರವಾದರೆ ಒರಳು ಜಾರುತ್ತದೆ. ಒರಳು ಜಾರಿದರೆ ದಾರ ಸ್ವಿಚ್ಚನ್ನು ಕೆಳಗೆ ಎಳೆಯುತ್ತದೆ. ಅಕ್ಕಿ ಸುರಿಯಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತು ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತೆ.

ಆಗ ಒಳಬಾಗಿಲು ತೆರೆಯಿತು. ಅಪ್ಪನಿಗೆ ಚಪ್ಪಲಿ ಬೇಕಿತ್ತು. ಅವರಿಗೆ ಕಂಡದ್ದಿಷ್ಟು: ನಡುಮಧ್ಯಾಹ್ನ, ಎರಡು ಟ್ಯೂಬ್‌ಲೈಟ್, ಕೆಲಸವಿಲ್ಲದೆ ಗೊಂಬೆಗಳ ಹಾಗೆ ನಿಂತಿರುವ ನಾಲ್ಕು ಜನ. ನಾನು "ಅಪ್ಪಾ" ಅನ್ನುವಷ್ಟರಲ್ಲಿ ಆ ಕೈ ಹೋಗಿತ್ತು.

ಟಕ್.

ಕತ್ತಲು. ಕತ್ತಲಲ್ಲಿ ಅಕ್ಕಿ ಮಾತ್ರ ಸರ್‍ರ್ ಅಂತ ಸುರಿಯುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ಧಡ್ ಅಂತ ಒರಳು ಬಿತ್ತು. ಯಂತ್ರ ತನ್ನ ಧರ್ಮ ಬಿಡಲಿಲ್ಲ, ಆರಿದ್ದ ಲೈಟನ್ನೇ ಇನ್ನೊಂದು ಸಲ ಆರಿಸಿತು.

"ಅಜ್ಜಾ! ಅದು ನಮ್ಮ 23ನೇ ಸ್ಟೆಪ್!" ಮಗ ಅಳುವುದೊಂದು ಬಾಕಿ.

"ಹಗಲು ಹೊತ್ತಲ್ಲಿ ಲೈಟ್ ಯಾಕ್ರೋ ನಿಮಗೆ?" ಅಂದರು ಅಪ್ಪ.

ಅಪ್ಪನಿಗೆ ವಿಷಯ ಬಿಡಿಸಿ ಹೇಳಲು ಯಂತ್ರ ಓಡಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಎಲ್ಲ ಕೇಳಿ, ಬಗ್ಗಿ, ದಾರ ಮುಟ್ಟಿ ನೋಡಿ, ಕೊನೆಗೊಂದು ಷರಾ ಬರೆದರು. "ಚೆನ್ನಾಗಿದೆ ಮಗಾ. ಆದ್ರೆ ಇದನ್ನು ಶಿವಮೊಗ್ಗಕ್ಕೆ ತಗೊಂಡು ಹೋದ್ರೆ ಲೈಟ್ ಹತ್ತುತ್ತೆ." ಹುಡುಗರು ಮುಖ ಮುಖ ನೋಡಿಕೊಂಡರು. ನಿಜ ಅಲ್ವಾ? ಇಲ್ಲಿ ಸ್ವಿಚ್ ಕೆಳಗೆ ಮಾಡಿದರೆ ಆರುತ್ತೆ, ನಮ್ಮಲ್ಲಿ ಕೆಳಗೆ ಮಾಡಿದರೆ ಹತ್ತುತ್ತೆ. ಇಪ್ಪತ್ತು ವರ್ಷದಿಂದ ಎರಡೂ ಕಡೆ ಓಡಾಡುವ ನನಗೆ ಇದು ಹೊಳೆದಿರಲಿಲ್ಲ.

ಮುಂದಿನ ವಾರ ಅಪ್ಪನನ್ನು ಬಾಗಿಲ ಹೊರಗೆ ಸ್ಟೂಲ್ ಹಾಕಿ ಕೂರಿಸಿ ಮತ್ತೆ ವಿಡಿಯೊ ಮಾಡಿದರು. ತಂಡಕ್ಕೆ ಆಯ್ಕೆ ಆಗಲಿಲ್ಲ. ಗೆಳೆಯರ ಗುಂಪಿನಲ್ಲಿ ಇವತ್ತಿಗೂ ಓಡಾಡುತ್ತಿರುವುದು ಹಳೆಯ ವಿಡಿಯೊ. ಅದರಲ್ಲಿ ಎಚ್‌ಎಂಟಿ ವಾಚು ಕಟ್ಟಿದ ಒಂದು ಬಡಕಲು ಕೈ ಬಲಗಡೆಯಿಂದ ಬರುತ್ತದೆ, ಆಮೇಲೆ ಬರೀ ಕತ್ತಲು.

ಅಪ್ಪ ಊರಿಗೆ ಹೋಗಿ ಎರಡು ವಾರವಾಯಿತು. ಮನೆಯಲ್ಲಿ ಆ ಟಕ್ ಸದ್ದಿಲ್ಲ. ಇವತ್ತು ಮೂರೂ ಲೈಟ್ ಆರಿಸಿದ ಸಿಟ್ಟಿನಲ್ಲೇ, ಮೊಮ್ಮಗನ ಮೇಲೆ ಚಾಡಿ ಹೇಳಲು ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ ಏಳೂವರೆ. ಪರದೆ ತುಂಬ ಕಪ್ಪು.

"ಅಪ್ಪ, ಮುಖವೇ ಕಾಣ್ತಿಲ್ಲ. ಲೈಟ್ ಹಾಕ್ಕೋ."

"ಮಾತಾಡೋಕೆ ಲೈಟ್ ಯಾಕೆ? ನಂಗೆ ನೀನು ಕಾಣ್ತಿದೀಯಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಟ್ಟೀ, ನಿನ್ನ ಹಿಂದೆ ಅದ್ಯಾವುದೋ ಉರೀತಿದೆ ನೋಡು" ಅಂದರು.

ಫೋನು ಹಿಡಿದುಕೊಂಡೇ ಎದ್ದು ಹೋಗಿ ಆರಿಸಿದೆ.