ಮೈಕು ಮಾತ್ರ ಬಾಯಿಂದ ಒಂದು ಮೊಳ ದೂರ

ಚರ್ಚಿನ ಕಡೇ ಸಾಲಿನಲ್ಲಿ ಕೂರುವ ಅಜ್ಜಿಗೆ ಪ್ರಸಂಗ, ಅಂದರೆ ಸಭಾಪಾಲಕರಾದ ಪಾದ್ರಿಯವರ ಬೋಧನೆ, ಕೇಳಿಸುವುದಿಲ್ಲ. ದೂರು ಇಷ್ಟೇ. ಇದಕ್ಕೆ ಸಭಾ ಸಮಿತಿ ಇಲ್ಲಿಯವರೆಗೆ ಕಂಡುಕೊಂಡಿರುವ ಪರಿಹಾರಗಳು ಹೀಗಿವೆ: ಮೈಕುಗಳ ದನಿ ಬೆರೆಸಿ ಹದಮಾಡುವ 32 ಚಾನೆಲ್ಲಿನ ಡಿಜಿಟಲ್ ಮಿಕ್ಸರ್, ಇದ್ದ ಒಂದು ಕ್ಯಾಮೆರಾಕ್ಕೆ ಜೊತೆಯಾಗಿ ಇನ್ನೆರಡು, ಬಲಿಪೀಠದ ಹಿಂದೆ ಎಲ್‌ಇಡಿ ಗೋಡೆ, ಹೊಗೆ ಬಿಡುವ ಒಂದು ಯಂತ್ರ, ಮತ್ತು ಇವೆಲ್ಲವನ್ನೂ ನೋಡಿಕೊಳ್ಳಲು ಒಬ್ಬ ಹುಡುಗ. ಅಜ್ಜಿಗೆ ಈಗಲೂ ಕೇಳಿಸುವುದಿಲ್ಲ. ವ್ಯತ್ಯಾಸವೆಂದರೆ, ಈಗ ಕೇಳಿಸದೇ ಇರುವುದು ಮೂರು ಕೋನಗಳಿಂದ ನೇರ ಪ್ರಸಾರವಾಗುತ್ತದೆ.

ಹುಡುಗನನ್ನು ಆರಿಸಿದ ಬಗೆಯೂ ಸರಳ. ಸಭಾಪಾಲಕರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದನಂತೆ. ಅಂದಿನಿಂದ ಅವನು 'ಟೆಕ್ನಿಕಲ್'. ನೇಮಕದ ಪತ್ರದಲ್ಲಿ 'ಯುವಜನ ಸೇವಕ' ಎಂದಿದೆ. ಅದರ ಅರ್ಥ: ಸೋಮವಾರ ಭಾನುವಾರದ ವಿಡಿಯೊ ಕತ್ತರಿಸುವುದು, ವಾರವಿಡೀ ಹುಟ್ಟುಹಬ್ಬದ ಪೋಸ್ಟರ್ ಮಾಡುವುದು, ಶುಕ್ರವಾರ ಆರಾಧನಾ ಕ್ರಮದ ಹಾಳೆ ಮುದ್ರಿಸಲು ಹೋಗಿ ಪ್ರಿಂಟರಿನ ಹೊಟ್ಟೆಯಿಂದ ಸಿಕ್ಕಿಕೊಂಡ ಕಾಗದ ಎಳೆಯುವುದು, ಶನಿವಾರ ಗಾಯನ ಮಂಡಳಿ ಅಭ್ಯಾಸ ಮುಗಿಸಿ ಹೋದಮೇಲೆ ವೈರು ಸುತ್ತುವುದು, ನಡುನಡುವೆ ಕುರ್ಚಿ ಜೋಡಿಸುವುದು. ಯುವಜನರನ್ನು ಭೇಟಿಯಾಗಲು ಸಮಯ ಸಿಕ್ಕರೆ ಅದೂ ಸೇವೆಯೇ.

ಹುಡುಗ ಪಾಪದವನು ಎಂದುಕೊಳ್ಳಬೇಡಿ. ಸಮಿತಿಗೆ ಸಮಸ್ಯೆ ಅರ್ಥವಾಗುವುದಿಲ್ಲ, ಇವನಿಗೆ ಯಾವ ಸಮಸ್ಯೆಯೂ ಹೊಸ ಪೆಟ್ಟಿಗೆ ತೆರೆಯದೆ ಬಗೆಹರಿಯುವುದಿಲ್ಲ. ಹಿರಿಯರೊಬ್ಬರು ಬಂದು, "ತಮ್ಮಾ, ಹಿಂದೆ ಏನೂ ಕೇಳಿಸ್ತಿಲ್ಲಪ್ಪ" ಅಂದರೆ, "ಅಂಕಲ್, ಹಂಗಾದ್ರೆ ನಾವು ಡಾಂಟೆ ನೆಟ್‌ವರ್ಕಿಗೆ ಹೋಗ್ಬೇಕು" ಎನ್ನುತ್ತಾನೆ. ಅದು ದನಿಯನ್ನು ಕಂಪ್ಯೂಟರ್ ಕೇಬಲ್ಲಿನಲ್ಲಿ ಸಾಗಿಸುವ ಏರ್ಪಾಡು. ಅಂಕಲ್‌ಗೆ ಮಾತ್ರ ಅದೊಂದು ಊರಿನ ಹೆಸರಿನ ಹಾಗೆ ಕೇಳಿಸುತ್ತದೆ. ಹೋಗುವುದಾದರೆ ಹೋಗೋಣ ಎಂದು ತಲೆಯಾಡಿಸುತ್ತಾರೆ.

ಕೇಳಿಸದೇ ಇರುವುದಕ್ಕೆ ಕಾರಣ ಬಹಳ ಹಳೆಯದು, ಕಾಸಿಲ್ಲದೆ ಸರಿಹೋಗುವಂಥದ್ದು. ಸಭಾಪಾಲಕರ ಬಾಯಿಗೂ ಮೈಕಿಗೂ ನಡುವೆ ಒಂದು ಮೊಳ ಅಂತರವಿದೆ. ದೂರ ಎರಡು ಪಟ್ಟಾದಾಗಲೆಲ್ಲ ಮೈಕಿಗೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. 10 ಸೆಂಟಿಮೀಟರ್ ಇರಬೇಕಾದದ್ದು 40 ಆದರೆ ಹೋದದ್ದು 12 ಡೆಸಿಬೆಲ್, ಅಂದರೆ ಮೈಕಿಗೆ ಸಿಗುವ ಶಕ್ತಿ ಹದಿನಾರರಲ್ಲಿ ಒಂದು ಪಾಲು; ಅಷ್ಟೇ ದನಿ ಹೊರಡಿಸಲು ಅದನ್ನು 16 ಪಟ್ಟು ಹೆಚ್ಚು ಹಿಗ್ಗಿಸಬೇಕು. ಹುಡುಗ ದನಿ ಹಿಗ್ಗಿಸುವ ಗೇನ್ ತಿರುಪು ತಿರುಗಿಸುತ್ತಾನೆ. ಆಗ ಸ್ಪೀಕರಿನ ದನಿ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಬಂದು, 'ಕುಂಯ್' ಎಂದು ಇಡೀ ಸಭೆ ಕಿವಿ ಮುಚ್ಚಿಕೊಳ್ಳುತ್ತದೆ. ಹುಡುಗ ಗಾಬರಿಯಿಂದ ಇಳಿಸುತ್ತಾನೆ. ಸಭಾಪಾಲಕರಿಗೂ ಗಾಬರಿ, ಮೈಕು ತಮ್ಮ ಮೇಲೆ ಕೂಗಿತೆಂದು ಇನ್ನೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಈಗ 60 ಸೆಂಟಿಮೀಟರ್.

"ಅಯ್ಯನವರೇ, ಸ್ವಲ್ಪ ಹತ್ತಿರ ಬನ್ನಿ" ಎನ್ನಲು ಯಾರಿಗೂ ಬಾಯಿಲ್ಲ. ಅದರ ಬದಲು ಒಂದು ಮಿಕ್ಸರ್ ಕೊಳ್ಳುವುದು ಮರ್ಯಾದೆಯ ದಾರಿ.

ಕಟ್ಟಡದ ಪಾಲೂ ಉಂಟು. ಕಲ್ಲಿನ ಗೋಡೆ, ಎತ್ತರದ ಚಾವಣಿ, ಬರಿ ನೆಲ. ಇಂಥ ದೊಡ್ಡ ಚರ್ಚುಗಳಲ್ಲಿ ಒಂದು ಸದ್ದು ಪೂರ್ತಿ ಅಡಗಲು 4-5 ಸೆಕೆಂಡ್ ಹಿಡಿಯುವುದು ಸಾಮಾನ್ಯ. ಮಾತು ಬಿಡಿಬಿಡಿಯಾಗಿ ತಿಳಿಯಬೇಕಾದರೆ 1 ಸೆಕೆಂಡ್ ಆಸುಪಾಸಿನಲ್ಲಿರಬೇಕು. ಆರ್ಗನ್ನಿಗೆ, ಕೀರ್ತನೆಗೆ ಈ ಗುಂಯ್‌ಕಾರ ಸ್ವರ್ಗಸುಖ. ಪ್ರಸಂಗಕ್ಕೆ ಮಾತ್ರ ಗಂಡಾಂತರ: 'ದೇವರು' ಇನ್ನೂ ಚಾವಣಿಯಲ್ಲಿ ಸುತ್ತುತ್ತಿರುವಾಗಲೇ 'ಪ್ರೀತಿಸ್ವರೂಪಿ' ಬಂದು ಅದರ ಮೇಲೆ ಬೀಳುತ್ತದೆ. ಹಿಂದಿನ ಕಾಲದ ಪಾದ್ರಿಗಳು ನಿಧಾನವಾಗಿ, ಪದಕ್ಕೆ ಪದ ಬಿಟ್ಟು ಮಾತಾಡುತ್ತಿದ್ದದ್ದು ಬರಿ ಗಾಂಭೀರ್ಯಕ್ಕಲ್ಲ.

ಹಾಗಾದರೆ ಹಿಂದೆ ಎರಡು ಸ್ಪೀಕರ್ ಹಾಕಿಬಿಡೋಣ ಎಂದರು, ಹಾಕಿದರು. ವೈರಿನಲ್ಲಿ ಸದ್ದು ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ. ಮುಂದಿನ ಸ್ಪೀಕರಿನಿಂದ ಹೊರಟ ಮಾತು 25 ಮೀಟರ್ ನಡೆದು ಅಜ್ಜಿಯ ಬಳಿ ಬರುವಷ್ಟರಲ್ಲಿ 73 ಮಿಲಿಸೆಕೆಂಡ್ ಕಳೆದಿರುತ್ತದೆ. ಹಿಂದಿನ ಸ್ಪೀಕರ್ ಆಗಲೇ ಹೇಳಿ ಮುಗಿಸಿದೆ. ಹೀಗಾಗಿ ಅಜ್ಜಿಗೆ ಈಗ ಎರಡೆರಡು ಸಭಾಪಾಲಕರು ಕೇಳಿಸುತ್ತಾರೆ, ಒಬ್ಬರೂ ಅರ್ಥವಾಗುವುದಿಲ್ಲ. ಹಿಂದಿನ ಸ್ಪೀಕರಿಗೆ 73ರ ಮೇಲೆ ಇನ್ನೊಂದು ಹತ್ತು ಹದಿನೈದು ಮಿಲಿಸೆಕೆಂಡ್ ಸೇರಿಸಿ ತಡ ಕೊಟ್ಟರೆ, ದನಿ ಮುಂದಿನಿಂದಲೇ ಬಂತೆಂದು ಕಿವಿ ನಂಬುತ್ತದೆ. ಆ ಸೌಲಭ್ಯ ಹೊಸ ಮಿಕ್ಸರಿನಲ್ಲೇ ಇದೆ. ಮೂರನೇ ಪುಟದಲ್ಲಿ. ಹುಡುಗ ಮೊದಲ ಪುಟದಲ್ಲಿ ಚಾನೆಲ್ಲುಗಳಿಗೆ ಬಣ್ಣ ಹಚ್ಚುತ್ತಿದ್ದಾನೆ.

ಭಾನುವಾರ ಬೆಳಗಿನ ಅವನನ್ನು ಹತ್ತಿರದಿಂದ ನೋಡಬೇಕು. ಆರಾಧನೆಗೆ ಇನ್ನು ಹತ್ತು ನಿಮಿಷ. ವೈರಿಲ್ಲದ ಮೈಕಿನ ಡಬ್ಬಿ ತೆರೆದು, ಒಳಗಿನ ಎರಡು ಸೆಲ್ ಹೊರತೆಗೆದು, ಅಂಗೈಯಲ್ಲಿ ಉಜ್ಜಿ, ಜಾಗ ಅದಲುಬದಲು ಮಾಡಿ ಮತ್ತೆ ಹಾಕುತ್ತಾನೆ. ಹಸಿರು ದೀಪ ಹತ್ತುತ್ತದೆ. ಹೊಸ ಸೆಲ್ ಇಲ್ಲ, ಯಾಕೆಂದರೆ ಖಜಾಂಚಿಯವರ ಲೆಕ್ಕದಲ್ಲಿ ಎಲ್‌ಇಡಿ ಗೋಡೆ 'ಸುವಾರ್ತಾ ಪ್ರಸಾರ', ಸೆಲ್ಲು 'ದುಂದುವೆಚ್ಚ'. ಪ್ರಸಂಗದ ಮೂರನೇ ಅಂಶ ಶುರುವಾಗುವ ಹೊತ್ತಿಗೆ ದೀಪ ಕೆಂಪಾಗುತ್ತದೆ. ಪ್ರಸಂಗದಲ್ಲಿ ಮೂರು ಅಂಶಗಳಿರುವುದು ಸೆಲ್ಲಿಗೆ ಗೊತ್ತು.

ಅತ್ತ ನೇರ ಪ್ರಸಾರ. ಅರ್ಧ ಗಂಟೆ ನಿಂತಲ್ಲಿಂದ ಕದಲದ ಸಭಾಪಾಲಕರನ್ನು ಸೆಕೆಂಡಿಗೆ 60 ಫ್ರೇಮಿನಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ, ಕಳಿಸಬೇಕೆಂಬುದು ಹುಡುಗನ ಹಟ. 1080 ಎಂಬ ಸ್ಪಷ್ಟ ಚಿತ್ರದ ಗುಣಮಟ್ಟಕ್ಕೆ 30 ಫ್ರೇಮಾದರೂ ಸೆಕೆಂಡಿಗೆ 4ರಿಂದ 6 ಮೆಗಾಬಿಟ್ ಅಪ್‌ಲೋಡ್ ಬೇಕು, ಅಳೆದು ನೋಡಿದ ವೇಗದ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ವೈಫೈ ಬಿಟ್ಟು ಕೇಬಲ್ಲಿನಲ್ಲೇ ಕಳಿಸಬೇಕು. ಇವನು ವೈಫೈ ಹಿಡಿದಿದ್ದಾನೆ, ಅದರ ಪಾಸ್‌ವರ್ಡನ್ನು ಎಲ್‌ಇಡಿ ಗೋಡೆಯ ಮೇಲೂ ತೋರಿಸಿದ್ದಾನೆ. ಸಭೆಯ ಫೋನುಗಳೆಲ್ಲ ಒಮ್ಮೆಗೇ ಹೊಕ್ಕವು. ಎದುರಿಗೇ ಕೂತು ಅದೇ ಪ್ರಸಾರವನ್ನು ಫೋನಿನಲ್ಲಿ ನೋಡುತ್ತಿರುವ ನಾಲ್ಕು ಜನರೂ ಅದರಲ್ಲಿದ್ದಾರೆ. ಸಭಾಪಾಲಕರು ಕೈ ಎತ್ತಿದವರು ಎತ್ತಿದ ಹಾಗೇ ನಿಂತುಬಿಟ್ಟರು.

ಚಿತ್ರ ಚಲಿಸಿದರೂ ತುಟಿ ಮಾತಿಗೆ ಕೂಡುವುದಿಲ್ಲ. ಮಿಕ್ಸರಿನ ದನಿ ನೇರ ಬರುತ್ತದೆ. ಕ್ಯಾಮೆರಾದ ಚಿತ್ರ ಸಂಸ್ಕರಣೆಯಾಗಿ ನಾಲ್ಕೈದು ಫ್ರೇಮ್ ತಡವಾಗಿ ಬರುತ್ತದೆ. 30 ಫ್ರೇಮಿನ ಲೆಕ್ಕದಲ್ಲಿ ಒಂದಕ್ಕೆ 33 ಮಿಲಿಸೆಕೆಂಡ್. ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ, ರೆಕಾರ್ಡ್ ನೋಡಿ, ಫ್ರೇಮ್ ಎಣಿಸಿ, ದನಿಯನ್ನು ಅಷ್ಟು ತಡಮಾಡಿದರೆ ಮುಗಿಯಿತು. ಇನ್ನು ಸಭೆ ಎದ್ದು ನಿಂತು ಕೀರ್ತನೆ ಹಾಡುವಾಗ ಸಭಾಪಾಲಕರ ಮೈಕು ಮುಚ್ಚಲು ಮರೆತಿದ್ದನ್ನು ಬೇರೆ ಹೇಳಬೇಕೇ? ಮಿಕ್ಸರಿಗೆ ಸಭೆಯ ದನಿ ಬರುವುದಿಲ್ಲ, ಅದಕ್ಕೆಂದು ಮೈಕೇ ಇಟ್ಟಿಲ್ಲ. ಹಾಗಾಗಿ ಚರ್ಚಿನೊಳಗೆ ಮುನ್ನೂರು ಕಂಠಗಳ ಹಾಡು, ಮನೆಯಲ್ಲಿ ಕೂತವರಿಗೆ ಒಬ್ಬರದೇ ಕಚೇರಿ. ತಾಳ ಬೇರೆ, ಶ್ರುತಿ ಬೇರೆ, ಭಕ್ತಿ ಮಾತ್ರ ಅಪಾರ.

ಗೋಡೆಯ ಮೇಲಿನ ಸಾಹಿತ್ಯದ ಪಾಡೂ ಅಷ್ಟೇ. ಹಳೇ ಫಾಂಟಿನಲ್ಲಿ ಬೆರಳಚ್ಚಾದ ಕೀರ್ತನೆ ಹೊಸ ಕಂಪ್ಯೂಟರಿಗೆ ಬಂದಾಗ ಅನ್ಯಭಾಷೆಯಾಗುತ್ತದೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡ್ ಲಿಪಿ ಸಂಕೇತಕ್ಕೆ ಬದಲಿಸಿಕೊಂಡರೆ ಒಂದೇ ಸಂಜೆಯ ಕೆಲಸ. ಬದಲಿಸಿಲ್ಲ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನದಂದು ನಾನಾ ಭಾಷೆಗಳು ಕೇಳಿಬಂದವೆಂದು ಓದುತ್ತೇವಲ್ಲ, ಇಲ್ಲಿ ಪ್ರತಿ ವಾರ ಕಣ್ಣಿಗೇ ಬೀಳುತ್ತವೆ.

ಇಷ್ಟಾದರೂ ಸಮಿತಿಯಲ್ಲಿ ಯಾರಾದರೂ ತಕರಾರೆತ್ತಿದರೆ ಹುಡುಗನ ಬತ್ತಳಿಕೆಯಲ್ಲಿ ಚರಿತ್ರೆಯಿದೆ. 1455ರ ಸುಮಾರಿಗೆ ಗುಟೆನ್‌ಬರ್ಗ್ ಅಚ್ಚುಮೊಳೆಯಲ್ಲಿ ಬೈಬಲ್ ಮುದ್ರಿಸಲಿಲ್ಲವೇ? 1931ರಲ್ಲಿ ಮಾರ್ಕೋನಿಯೇ ನಿಂತು ವ್ಯಾಟಿಕನ್ ರೇಡಿಯೊ ಕಟ್ಟಿಕೊಡಲಿಲ್ಲವೇ? ಕಾಯಿಲೆ ಬಿದ್ದ ಅಸಿಸಿಯ ಸಂತ ಕ್ಲಾರಾಗೆ ದೂರದ ಪೂಜೆ ಕೋಣೆಯಲ್ಲೇ ಕಂಡಿತೆಂಬ ಕಾರಣಕ್ಕೆ 1958ರಲ್ಲಿ ಪೋಪ್ ಆಕೆಯನ್ನು ಟೆಲಿವಿಷನ್ನಿನ ಪೋಷಕ ಸಂತಳೆಂದು ಸಾರಲಿಲ್ಲವೇ? ಎಲ್ಲ ನಿಜ. ಆದರೆ 2002ರಲ್ಲಿ ವ್ಯಾಟಿಕನ್ನೇ, ದೀಕ್ಷಾಸ್ನಾನದಂಥ ವಿಧಿಗಳ ಬಗ್ಗೆ, 'ಇಂಟರ್ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ' ಎಂದು ಬರೆದದ್ದನ್ನು ಅವನು ಎತ್ತುವುದಿಲ್ಲ. ಸಂತ ಕ್ಲಾರಾ ಒಂದೇ ಒಂದು ಕೇಬಲ್ ಕೊಳ್ಳಲಿಲ್ಲ ಎಂಬುದನ್ನಂತೂ ಯಾರೂ ಎತ್ತುವುದಿಲ್ಲ.

ಈಗಿನ ಹುಚ್ಚು ಕೃತಕ ಬುದ್ಧಿಮತ್ತೆ. ಯೇಸು ಹನ್ನೆರಡು ಶಿಷ್ಯರೊಂದಿಗೆ ಉಂಡ ಪ್ರಭುಭೋಜನದ ಪೋಸ್ಟರ್ ಮಾಡು ಎಂದರೆ ಯಂತ್ರ ಹದಿನೈದು ಶಿಷ್ಯರನ್ನು ಕೂರಿಸಿ, ಒಬ್ಬನಿಗೆ ಆರು ಬೆರಳು ಕೊಟ್ಟಿತು. ಮೂವರು ಹೆಚ್ಚಾದದ್ದನ್ನು ಭಾನುವಾರ ಶಾಲೆಯ ಮಗುವೊಂದು ಎಣಿಸಿ ಹೇಳುವತನಕ ಪೋಸ್ಟರ್ ಗುಂಪಿನಿಂದ ಗುಂಪಿಗೆ ಹೋಯಿತು, ಎಲ್ಲರೂ 'ಆಮೆನ್' ಒತ್ತಿದರು. ಮುಂದಿನ ಯೋಜನೆ, ರಾತ್ರಿ ಹನ್ನೆರಡಕ್ಕೂ ಉತ್ತರಿಸುವ ಯಾಂತ್ರಿಕ ಸಭಾಪಾಲಕ. ಅಮೆರಿಕದ ಕ್ಯಾಥೋಲಿಕ್ ಸಂಸ್ಥೆಯೊಂದು 2024ರ ಏಪ್ರಿಲ್‌ನಲ್ಲಿ ಇದನ್ನು ಮಾಡಿ ನೋಡಿದೆ. 'ಫಾದರ್ ಜಸ್ಟಿನ್' ಎಂಬ ಆ ತಂತ್ರಾಂಶ, ತುರ್ತಿದ್ದರೆ ಗೇಟೊರೇಡ್ ಪಾನೀಯದಲ್ಲೂ ದೀಕ್ಷಾಸ್ನಾನ ಕೊಡಬಹುದೆಂದು ಅಪ್ಪಣೆ ಕೊಡಿಸಿತು. ಕೆಲವೇ ದಿನಗಳಲ್ಲಿ ಅದರ ನಿಲುವಂಗಿ ಕಳಚಿ ಬರಿ 'ಜಸ್ಟಿನ್' ಮಾಡಿದರು. ಮನುಷ್ಯ ಪಾದ್ರಿಯ ಮೇಲೆ ಕ್ರಮ ಕೈಗೊಳ್ಳಲು ಹಿಡಿಯುವ ಕಾಲಕ್ಕೆ ಹೋಲಿಸಿದರೆ ತಂತ್ರಜ್ಞಾನ ವೇಗ ತಂದಿರುವುದು ಇದೊಂದು ವಿಷಯದಲ್ಲಿ.

ಕಳೆದ ಸಭೆಯಲ್ಲಿ ಅಜ್ಜಿಯ ದೂರು ಮತ್ತೆ ಬಂತು. ಹುಡುಗ ಸ್ಲೈಡ್ ಹಾಕಿಕೊಂಡು ಬಂದಿದ್ದ: ಪ್ರಸಂಗವನ್ನು ವೈಫೈ ಮೂಲಕ ನೇರ ಫೋನಿಗೆ ಕಳಿಸುವ ಆ್ಯಪ್. ಅಜ್ಜಿ ಸ್ಮಾರ್ಟ್‌ಫೋನ್ ಕೊಂಡು, ಆ್ಯಪ್ ಇಳಿಸಿಕೊಂಡು, ಓಟಿಪಿ ಹಾಕಿ, ಇಯರ್‌ಫೋನ್ ಚುಚ್ಚಿಕೊಂಡರೆ ಆಯಿತು. ಒಮ್ಮತದಿಂದ ಅಂಗೀಕಾರವಾಯಿತು. ಅಜ್ಜಿಯನ್ನು ಮುಂದೆ ಕೂರಿಸಿದರೆ ಆಗದೇ ಎಂದು ಒಬ್ಬರು ಕೇಳಿದರು. ಅಲ್ಲಿ ಜಾಗವಿಲ್ಲ. ಮೊದಲು ಅವರು ಎರಡನೇ ಸಾಲಿನ ತುದಿಯಲ್ಲೇ ಕೂರುತ್ತಿದ್ದದ್ದು. ಮೊದಲ ಕ್ಯಾಮೆರಾ ಬಂದ ವಾರ ಆ ಬೆಂಚು ತೆಗೆದು ಸ್ಟ್ಯಾಂಡ್ ನಿಲ್ಲಿಸಿದರು. ದೂರು ಬಂದದ್ದು ಅದರ ಮುಂದಿನ ಭಾನುವಾರ.